ರೆಕ್ಕೆ ವಾಲಿಸಿ ಹೋದ ವಿಮಾನ

ಏರ್ ಇಂಡಿಯಾದ ಕೊನೆಯ ಬೋಯಿಂಗ್ 747 ವಿಮಾನ ಮುಂಬೈಯಿಂದ ಹೊರಟ ವಿಡಿಯೋ ಇವತ್ತು ಮತ್ತೆ ನೋಡಿದೆ. 2024ರ ಏಪ್ರಿಲ್ 22. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ರೆಕ್ಕೆಗಳನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿಸಿ, ಥೇಟ್ ಕೈ ಬೀಸಿದ ಹಾಗೆ ಮಾಡಿ ಹೊರಟೇ ಹೋಯಿತು. ಗಂಟಲು ಕಟ್ಟಿ ಬಂತು.

1971ರಲ್ಲಿ ಮೊದಲನೆಯದು ಬಂದಾಗ ಅದಕ್ಕೆ 'ಎಂಪರರ್ ಅಶೋಕ' ಅಂತ ಹೆಸರಿಟ್ಟಿದ್ದರು. ಒಂದೊಂದು ಕಿಟಕಿಗೂ ಅರಮನೆಯ ಝರೋಕಾದ, ಅಂದರೆ ಕಮಾನಿನ ಕಿಟಕಿಯ ಹಾಗೆ ಕೆಂಪು ಕಮಾನು ಬರೆಸಿದ್ದರು, ಎಷ್ಟು ಪ್ರೀತಿ ಇರಬೇಕು ಅಲ್ವಾ!

ಈ 747ಗಳನ್ನು ಕೈಬಿಟ್ಟ ಕಾರಣ ಗೊತ್ತು. ನಾಲ್ಕು ಎಂಜಿನ್ ಅಂದರೆ ಇಂಧನ ಜಾಸ್ತಿ, ರಿಪೇರಿ ಖರ್ಚೂ ಜಾಸ್ತಿ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ನಮ್ಮ ಬೆಂಗಳೂರಿಗೆ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ದಾರಿಯಲ್ಲಿ ಎಲ್ಲೂ ಇಳಿಯದೆ ತಂದ ಬೋಯಿಂಗ್ 777 ವಿಮಾನಕ್ಕೆ ಇರುವುದು ಎರಡೇ ಎಂಜಿನ್. ಅದನ್ನು ನೆನೆದರೆ ಹೆಮ್ಮೆಯೇ ಆಗುತ್ತದೆ. ಆದರೂ ಆ ಗೂನು ಬೆನ್ನಿನ 747 ಅನ್ನು ಎಷ್ಟು ದೂರದಿಂದ ನೋಡಿದರೂ ಗುರುತು ಸಿಗುತ್ತಿತ್ತು, ಈಗಿನವೆಲ್ಲ ನನ್ನ ಕಣ್ಣಿಗೆ ಒಂದೇ ಥರ.

ಅದರೊಳಗಿನ ಮೆಟ್ಟಿಲು ಹತ್ತಿ ಮೇಲಂತಸ್ತಿನಲ್ಲಿ ಕೂತು ಹೋದವರು ಯಾರಾದರೂ ಇದ್ದರೆ ಹೇಳಿ, ಕೇಳಬೇಕು ಅಂತ ತುಂಬಾ ಆಸೆ.