ಮನೋವೈದ್ಯರ ಹತ್ತಿರ ಹೋದರೆ ಕೆಲಸಕ್ಕೆ ಕುತ್ತು ಬರುತ್ತಾ?

ನಾನು ಆಪ್ತಸಮಾಲೋಚಕಿ ಎಂದು ಗೊತ್ತಾದವರು ಸ್ವಲ್ಪ ಹೊತ್ತು ಏನೇನೋ ಮಾತಾಡಿ ಕೊನೆಗೆ ಕೇಳುವುದು ಇದನ್ನೇ: "ಮನೋವೈದ್ಯರ ಹತ್ತಿರ ಹೋದರೆ ಆಫೀಸಿಗೆ ಗೊತ್ತಾಗುತ್ತಾ ಮೇಡಂ? ಬಡ್ತಿಗೆ ತೊಂದರೆ ಆಗಲ್ವಾ?" ಹೆಚ್ಚಿನವರು ಯಾರೋ ಸ್ನೇಹಿತರ ಪರವಾಗಿ ಕೇಳುತ್ತಿರುತ್ತಾರೆ. ಇರಲಿ.

"ಹಾಗೇನೂ ಆಗಲ್ಲ, ಧೈರ್ಯವಾಗಿ ಹೋಗಿ" ಎಂದು ನಾನು ಹೇಳುವುದಿಲ್ಲ. ಆ ಹೆದರಿಕೆ ಬರೀ ಕಲ್ಪನೆಯಲ್ಲ. ಕೆಲವು ವೃತ್ತಿಗಳಲ್ಲಿ ನಿಯಮಗಳೇ ಅದನ್ನು ಸಾಕಿ ಬೆಳೆಸಿವೆ.

ಪೈಲಟ್‌ಗಳನ್ನೇ ನೋಡಿ. ಅಮೆರಿಕದಲ್ಲಿ 2010ರವರೆಗೆ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದ ಪೈಲಟ್ ವಿಮಾನ ಹಾರಿಸುವಂತಿರಲಿಲ್ಲ. ಖಿನ್ನತೆಯನ್ನು ಯಾರಿಗೂ ಹೇಳದೆ, ಮಾತ್ರೆಯನ್ನೂ ನುಂಗದೆ ಇದ್ದವರು ಮಾತ್ರ ಹಾರಿಸುತ್ತಲೇ ಇರಬಹುದಿತ್ತು! ಆ ವರ್ಷ ಅಲ್ಲಿನ ವಿಮಾನಯಾನ ಆಡಳಿತ ಫ್ಲೂಆಕ್ಸೆಟಿನ್, ಸರ್ಟ್ರಲಿನ್ ಸೇರಿದಂತೆ ನಾಲ್ಕು ಔಷಧಗಳಿಗೆ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿತು. ಅದುವರೆಗೆ ಮುಚ್ಚಿಟ್ಟವರು ಆರು ತಿಂಗಳೊಳಗೆ ಹೇಳಿಕೊಂಡರೆ ಕ್ರಮ ಕೈಗೊಳ್ಳುವುದಿಲ್ಲ ಎಂದೂ ಸಾರಿತು. ಅಂದರೆ ಎಷ್ಟೋ ಜನ ಮುಚ್ಚಿಟ್ಟಿದ್ದಾರೆಂಬ ಅಂದಾಜು ನಿಯಮ ಮಾಡಿದವರಿಗೂ ಇತ್ತು.

ಬೇರೆಯವರಿಗೆ ಚಿಕಿತ್ಸೆ ಕೊಡುವ ವೈದ್ಯರ ಪಾಡೂ ಇದೇ. ನ್ಯೂಯಾರ್ಕಿನ ತುರ್ತು ಚಿಕಿತ್ಸಾ ವೈದ್ಯೆ ಲೋರ್ನಾ ಬ್ರೀನ್ ಕೋವಿಡ್‌ನ ಮೊದಲ ಅಲೆಯಲ್ಲಿ ದಣಿದು, 2020ರ ಏಪ್ರಿಲ್‌ನಲ್ಲಿ ತಾವೇ ತಮ್ಮ ಜೀವ ಕಳೆದುಕೊಂಡರು. ಚಿಕಿತ್ಸೆ ಪಡೆದರೆ ಲೈಸೆನ್ಸ್ ಹೋಗಬಹುದೆಂದು ಆಕೆ ಹೆದರಿದ್ದರು ಎಂದು ಮನೆಯವರು ಆಮೇಲೆ ಹೇಳಿದರು. ವೈದ್ಯಕೀಯ ಸಿಬ್ಬಂದಿಯ ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಅಲ್ಲಿ ಬಂದ ಕಾನೂನಿಗೆ ಆಕೆಯ ಹೆಸರೇ ಇದೆ. ಲೈಸೆನ್ಸ್ ಅರ್ಜಿಯ ಪ್ರಶ್ನೆಗಳನ್ನೂ ಹಲವು ರಾಜ್ಯಗಳು ತಿದ್ದಿವೆ.

ನನ್ನ ತಕರಾರು ಇರುವುದೇ ಆ ಪ್ರಶ್ನೆಗಳ ಬಗ್ಗೆ. "ಮಾನಸಿಕ ಕಾಯಿಲೆಗೆ ಎಂದಾದರೂ ಚಿಕಿತ್ಸೆ ಪಡೆದಿದ್ದೀರಾ?" ಎಂದು ಕೇಳಿದರೆ ಸಿಕ್ಕಿಬೀಳುವುದು ಚಿಕಿತ್ಸೆಗೆ ಹೋದವರು, ಹೋಗದೆ ಒಳಗೇ ಕೊರಗುವವರು "ಇಲ್ಲ" ಎಂದು ಸತ್ಯವನ್ನೇ ಬರೆದು ಪಾರಾಗುತ್ತಾರೆ. ಕೇಳಬೇಕಾದದ್ದು, ಈಗ ಕೆಲಸಕ್ಕೆ ಅಡ್ಡಿಯಾಗುವ, ಚಿಕಿತ್ಸೆ ಪಡೆಯದ ತೊಂದರೆ ಏನಾದರೂ ಇದೆಯೇ ಎಂದು. ಹತ್ತು ವರ್ಷದ ಹಿಂದೆ ಹೆರಿಗೆಯ ನಂತರ ನುಂಗಿದ ಮಾತ್ರೆಯ ಲೆಕ್ಕ ಯಾರಿಗೆ ಬೇಕು?

ಆದರೆ ನನ್ನನ್ನು ಕೇಳುವವರಲ್ಲಿ ಹೆಚ್ಚಿನವರು ಪೈಲಟ್‌ಗಳೂ ಅಲ್ಲ, ವೈದ್ಯರೂ ಅಲ್ಲ. ಅವರ ಕೆಲಸಕ್ಕೆ ಇಂಥ ಅರ್ಜಿಯೇ ಇರುವುದಿಲ್ಲ, ಹೆದರಿಕೆ ಮಾತ್ರ ಅಷ್ಟೇ ಇರುತ್ತದೆ. ಅವರಿಗೆ ನಾನು ಹೇಳುವುದು, ಸುದ್ದಿ ಹೊರಬೀಳುವ ದಾರಿಗಳನ್ನು ನೋಡಿಕೊಳ್ಳಿ ಎಂದು. ವೈದ್ಯರು ತಾವಾಗಿ ಆಫೀಸಿಗೆ ಫೋನ್ ಮಾಡುವುದಿಲ್ಲ. ಜೀವಕ್ಕೆ ಅಪಾಯವಿದ್ದರೆ ಅಥವಾ ನ್ಯಾಯಾಲಯ ಕೇಳಿದರೆ, ಇಂಥ ಕೆಲವು ಸಂದರ್ಭಗಳಲ್ಲಷ್ಟೇ ಅವರು ಗುಟ್ಟು ಬಿಡಬೇಕಾಗಬಹುದು. ವಿಷಯ ಸೋರುವುದು ರಜೆಗೆ ಕೊಟ್ಟ ಸರ್ಟಿಫಿಕೇಟಿನಿಂದ, ಕಂಪನಿ ವಿಮೆಯ ಕ್ಲೇಮಿನಿಂದ, ಆಫೀಸ್ ಮೇಲ್‌ನಲ್ಲಿ ಮಾಡಿದ ಅಪಾಯಿಂಟ್‌ಮೆಂಟಿನಿಂದ, ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದ ಸೀಟಿನವರಿಂದ. ಸರ್ಟಿಫಿಕೇಟಿನಲ್ಲಿ ಕಾಯಿಲೆಯ ಹೆಸರು ಬೇಕೇ ಬೇಕಾ ಎಂದು ಮೊದಲೇ ವಿಚಾರಿಸಿ. ಕಂಪನಿಯೇ ಒದಗಿಸುವ ಕೌನ್ಸೆಲಿಂಗ್ ಆದರೆ, ನನ್ನ ಫೈಲು ಯಾರ ಕೈಗೆ ಹೋಗುತ್ತದೆ ಎಂದು ಮೊದಲ ದಿನವೇ ಕೇಳಿ. ಕೇಳಿದ್ದಕ್ಕೆ ಯಾವ ಒಳ್ಳೆಯ ಸಮಾಲೋಚಕರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅರ್ಜಿಯಲ್ಲಿ ನೇರವಾಗಿ ಕೇಳಿದ್ದರೆ ಸುಳ್ಳು ಬರೆಯಬೇಡಿ. ಮುಂದೆ ಬಯಲಾದರೆ ಕಾಯಿಲೆಗಿಂತ ಆ ಸುಳ್ಳೇ ಕೆಲಸ ಕಳೆಯುತ್ತದೆ. ಹಾಗೆಂದು ಕೇಳದ್ದನ್ನೆಲ್ಲ ತೋಡಿಕೊಳ್ಳಬೇಕಾಗಿಯೂ ಇಲ್ಲ. ಪ್ರಶ್ನೆಯ ಅರ್ಥ ಸ್ಪಷ್ಟವಾಗದಿದ್ದರೆ ಸಹಿ ಹಾಕುವ ಮುಂಚೆ ನೌಕರರ ಸಂಘದವರಿಗೋ ವಕೀಲರಿಗೋ ಒಮ್ಮೆ ತೋರಿಸಿ. ಅಪಾಯಿಂಟ್‌ಮೆಂಟನ್ನು ಮಾತ್ರ ಅದಕ್ಕಾಗಿ ಮುಂದೂಡಬೇಡಿ.