ಮೂರನೇ ಪಂದ್ಯ ಬೇಡ

2022 ನವೆಂಬರ್ 27, ಭಾನುವಾರ, ದೋಹಾ

ವಿಶ್ವಕಪ್ ಫುಟ್‌ಬಾಲ್ ನೋಡಲು ಸುಧೀರ ನಾಳೆ ದುಬೈನಿಂದ ಬರುತ್ತಾನಂತೆ. ಬೆಳಿಗ್ಗೆ ಶಟಲ್ ವಿಮಾನ, ನಡುರಾತ್ರಿ ಕಳೆದ ಮೇಲೆ ವಾಪಸ್. ರೂಮಿನ ಗೊಡವೆ ಇಲ್ಲ, ಪಂದ್ಯ ನೋಡಲು ಬರುವವರ ಪ್ರವೇಶ ಪರವಾನಗಿ, ಹಯ್ಯಾ ಕಾರ್ಡ್, ಇದ್ದರಾಯಿತು. ಟಿಕೆಟ್ ಎರಡು: ಮಧ್ಯಾಹ್ನ 1ಕ್ಕೆ ಅಲ್ ಜನೂಬ್ ಸ್ಟೇಡಿಯಂನಲ್ಲಿ ಕ್ಯಾಮರೂನ್–ಸರ್ಬಿಯಾ, ಸಂಜೆ 7ಕ್ಕೆ 974 ಎಂಬ ಸ್ಟೇಡಿಯಂನಲ್ಲಿ ಬ್ರೆಜಿಲ್–ಸ್ವಿಟ್ಜರ್ಲೆಂಡ್. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "10ಕ್ಕೆ ಲುಸೈಲ್‌ನಲ್ಲಿ ಪೋರ್ಚುಗಲ್–ಉರುಗ್ವೆ ಇದೆ. ಒಬ್ಬರು ಟಿಕೆಟ್ ಕೊಡ್ತೀನಿ ಅಂದಿದಾರೆ. ಮೆಟ್ರೊ ಹೇಗೂ ಫ್ರೀ, ಅದನ್ನೂ ನೋಡ್ಬಿಡ್ಲಾ?" ಅಂದ.

ಎಂಟೂ ಮೈದಾನ ಒಂದೇ ಊರಿನ ಸುತ್ತ ಇರುವುದರಿಂದ ಹುಟ್ಟುವ ಆಸೆ ಇದು. ರೈಲಿಗೆ ಹೆಚ್ಚು ಸಮಯ ಬೇಕಿಲ್ಲ. ಸಮಯ ಹೋಗುವುದೆಲ್ಲ ಸ್ಟೇಡಿಯಂ ಗೇಟಿನಿಂದ ರೈಲಿನ ಬಾಗಿಲಿನವರೆಗೆ.

ಮೊದಲ ಎಡವಟ್ಟು ವಿಮಾನ ನಿಲ್ದಾಣದ್ದು. ವಿಶ್ವಕಪ್ಪಿಗೆಂದು ಹಳೆಯದನ್ನೂ ತೆರೆದಿದ್ದಾರೆ. ವಿಮಾನದ ಟಿಕೆಟ್ಟಿನಲ್ಲಿ ಡಿಓಎಚ್ ಅಂತಿದ್ದರೆ ಹೊಸ ನಿಲ್ದಾಣ ಹಮದ್, ಡಿಐಎ ಅಂತಿದ್ದರೆ ಹಳೆಯದು. ದುಬೈನ ಬಜೆಟ್ ವಿಮಾನ ಇಳಿಯುವುದು ಹಳೆಯದರಲ್ಲಿ. ಅಲ್ಲಿಗೆ ಮತಾರ್ ಅಲ್ ಖದೀಮ್ ಮೆಟ್ರೊ ಸ್ಟೇಷನ್ ಹತ್ತಿರ. ಇಳಿಯುವಾಗ ತಪ್ಪುವ ಪ್ರಶ್ನೆಯಿಲ್ಲ. ರಾತ್ರಿ ನಿದ್ದೆಗಣ್ಣಿನಲ್ಲಿ ಹಮದ್‌ಗೆ ಹೋಗಿ ನಿಂತವರಿಗೆ ಮಾತ್ರ ವಿಮಾನ ಸಿಗುವುದಿಲ್ಲ.

ಅಲ್ಲಿಂದ ಮೆಟ್ರೊದ ರೆಡ್ ಲೈನಿನ ದಕ್ಷಿಣದ ಕೊನೆ, ಅಲ್ ವಕ್ರಾ. ಸ್ಟೇಷನ್ನಿನ ಹೊರಗೆ ಅಲ್ ಜನೂಬ್‌ಗೆ ಶಟಲ್ ಬಸ್ಸು. ಗೇಟು ಮೂರು ಗಂಟೆ ಮೊದಲೇ ತೆರೆಯುತ್ತದೆ. ನೀರಿನ ಬಾಟಲಿ ಒಳಗೆ ಬಿಡುವುದಿಲ್ಲ. ಕೌಂಟರಿನಲ್ಲಿ ವೀಸಾ ಕಾರ್ಡೋ ನಗದೋ ಆಗಬೇಕು, ರುಪೇ ಉಜ್ಜಿ ಪ್ರಯೋಜನವಿಲ್ಲ. ಕೆಳಗಿನ ಸಾಲುಗಳಲ್ಲಿ ಕುರ್ಚಿಯ ಅಡಿಯಿಂದ ತಣ್ಣನೆ ಗಾಳಿ ಬರುತ್ತದೆ, ಒಂದು ತೆಳು ಜಾಕೆಟ್ ಇರಲಿ.

ಒಂದು ಗಂಟೆಗೆ ಶುರುವಾದ ಪಂದ್ಯ ಪೌನೆ ಮೂರಕ್ಕೆ ಮುಗಿಯುತ್ತದೆ ಅಂತ ಲೆಕ್ಕ ಹಾಕಬಾರದು. ಪೋಲಾದ ಸಮಯವನ್ನೆಲ್ಲ ಸೇರಿಸಿ ಎಂದು ರೆಫ್ರಿಗಳ ಮುಖ್ಯಸ್ಥ ಕೊಲ್ಲೀನಾ ಹೇಳಿಬಿಟ್ಟಿದ್ದಾರೆ. ಇಂಗ್ಲೆಂಡ್–ಇರಾನ್ ಪಂದ್ಯದಲ್ಲಿ ಎರಡೂ ಅವಧಿ ಸೇರಿ 20 ನಿಮಿಷಕ್ಕೂ ಹೆಚ್ಚು ಸಿಕ್ಕಿತು. ಮೂರಕ್ಕೆ ಎದ್ದು, ಬಸ್ಸು ಹಿಡಿದು, ಮಶೈರಿಬ್ ಸ್ಟೇಷನ್ನಿನಲ್ಲಿ ಇಳಿದು ಗೋಲ್ಡ್ ಲೈನಿಗೆ ಬದಲಾಯಿಸಿದರೆ ಸೂಖ್ ವಾಖಿಫ್, ನ್ಯಾಷನಲ್ ಮ್ಯೂಸಿಯಂ, ಕೊನೆಗೆ 974ರ ಸ್ಟೇಷನ್ ರಾಸ್ ಬು ಅಬೂದ್. ನಡುವೆ ಸೂಖ್‌ನ ಹಳೇ ಪೇಟೆಯಲ್ಲಿ ಊಟವೂ ಆದೀತು. 1 ಮತ್ತು 7ರ ಜೋಡಿ ಒಳ್ಳೆಯದು ಅನ್ನುವುದು ಇದಕ್ಕೇ.

974 ಅಂದರೆ ಸರಕಿನ ಕಂಟೇನರುಗಳ ಸ್ಟೇಡಿಯಂ. ಕತಾರಿನ ಫೋನ್ ಕೋಡೂ ಅದೇ. ಏಸಿ ಇಲ್ಲ, ಸಮುದ್ರದ ಗಾಳಿಯೇ ಗತಿ. ಅಲ್ಲಿನ ಏಳೂ ಪಂದ್ಯ 7ಕ್ಕೋ 10ಕ್ಕೋ ಇಟ್ಟಿರುವುದು ಸುಮ್ಮನೆ ಅಲ್ಲ.

ಪಂದ್ಯ ಮುಗಿದ ಮೇಲಿದೆ ಕಥೆ. 40 ಸಾವಿರ ಜನ ಒಂದೇ ಸ್ಟೇಷನ್ನಿನ ಕಡೆ ತಿರುಗುತ್ತಾರೆ. ಸ್ಟೇಷನ್ ಕಣ್ಣೆದುರೇ ಇರುತ್ತದೆ, ನೇರ ಬಿಡುವುದಿಲ್ಲ. ಧರ್ಮಸ್ಥಳದ ದರ್ಶನದ ಸಾಲಿನಂತೆ ಬ್ಯಾರಿಕೇಡಿನೊಳಗೆ ಅತ್ತಿಂದಿತ್ತ ಸುತ್ತಿಸುತ್ತಾರೆ. ಪ್ಲಾಟ್‌ಫಾರ್ಮ್ ನೆಲದಡಿ, ಅಲ್ಲಿ ಜನ ಒತ್ತರಿಸಬಾರದೆಂದು ಮೇಲೆಯೇ ತಡೆದು ತಂಡ ತಂಡವಾಗಿ ಇಳಿಸುವ ಉಪಾಯ. ಬೇಸರವಾದರೂ ಇದು ಸರಿಯಾದ ಕ್ರಮ. ಕೊನೆಯ ಸ್ಟೇಷನ್ ಆದ್ದರಿಂದ ರೈಲು ಖಾಲಿ ಬರುತ್ತದೆ, ಅದೊಂದು ಸಮಾಧಾನ. ಎತ್ತರದ ಕುರ್ಚಿ ಮೇಲೆ ಕೂತು "ಮೆಟ್ರೊ? ದಿಸ್ ವೇ!" ಅಂತ ಮೆಗಾಫೋನಿನಲ್ಲಿ ಕೂಗುವ ಹುಡುಗರಿಗೆ ಗಂಟಲು ಎಲ್ಲಿಂದ ಬರುತ್ತದೋ.

ಒಂಬತ್ತರ ಮೇಲೆ 974 ಬಿಟ್ಟವ ಆ ಸಾಲು ದಾಟಿ, ಮಶೈರಿಬ್‌ನಲ್ಲಿ ರೆಡ್ ಲೈನ್ ಹಿಡಿದು, ಉತ್ತರದ ತುದಿಯ ಲುಸೈಲ್ ಕ್ಯೂಎನ್‌ಬಿಯಲ್ಲಿ ಇಳಿದು ನಡೆಯುವಷ್ಟರಲ್ಲಿ ಮೊದಲರ್ಧ ಮುಗಿದಿರುತ್ತದೆ. ನಿನ್ನೆ ಅರ್ಜೆಂಟೀನಾ–ಮೆಕ್ಸಿಕೊಗೆ ಅಲ್ಲಿ 88,966 ಜನ. ಮೆಟ್ರೊ ಬೆಳಗಿನ 3ರವರೆಗೆ ಇದೆ ನಿಜ, ವಿಮಾನ ಕಾಯಬೇಕಲ್ಲ.

ಆ ಮೂರನೇ ಟಿಕೆಟ್ಟಿನ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ, ಫಿಫಾ ಆಪ್‌ನಲ್ಲೇ ವರ್ಗಾಯಿಸಬೇಕು. ಆ ಆಪ್ ಕೈಕೊಟ್ಟದ್ದಕ್ಕೇ 21ರಂದು ಇಂಗ್ಲೆಂಡ್–ಇರಾನ್ ಪಂದ್ಯದ ಗೇಟಿನಲ್ಲಿ ಜನ ಒದ್ದಾಡಿದ್ದು. ಟಿಕೆಟ್ಟು, ಹಯ್ಯಾ, ದಾರಿ ಎಲ್ಲ ಫೋನಿನಲ್ಲೇ. ಬ್ಯಾಟರಿ ಸತ್ತರೆ ಮುಗಿಯಿತು.

ಹೊರಗೆ ಹಾರ್ನ್ ನಿಂತೇ ಇಲ್ಲ. ಮೊರಾಕ್ಕೊ ಬೆಲ್ಜಿಯಂಗೆ 2–0 ಬಾರಿಸಿದೆ. ಹಾರ್ನ್ ಹೊಡೆಯುವ ಈ ಮೊರಾಕ್ಕೊದವರನ್ನು ಯಾರೂ ಬಾಡಿಗೆ ಅಭಿಮಾನಿಗಳು ಅನ್ನುವುದಿಲ್ಲ. ಟೂರ್ನಿಗೆ ಮುಂಚೆ ಕಡಲ ದಂಡೆಯ ಕಾರ್ನಿಷ್ ರಸ್ತೆಯಲ್ಲಿ ಮೆರವಣಿಗೆ ಮಾಡಿದ ಮಲಯಾಳಿ ಹುಡುಗರ ಮೇಲೆ ಮಾತ್ರ, ದುಡ್ಡು ಪಡೆದು ಬಂದವರೆಂದು, ಸುದ್ದಿಗಳಲ್ಲಿ ಆ ಅನುಮಾನ. ಕಲ್ಲಿಕೋಟೆ ಕಡೆ ನದಿಯೊಳಗೆ ಮೆಸ್ಸಿ, ನೇಮರ್ ಕಟೌಟ್ ನಿಲ್ಲಿಸುವವರಿಗೆ ದುಡ್ಡು ಕೊಟ್ಟು ಕುಣಿಸಬೇಕೆ? ಆ ಸುದ್ದಿ ಓದಿದಾಗಿನಿಂದ ಹೊಟ್ಟೆ ಉರಿಯುತ್ತಿದೆ.

ಸುಧೀರನದು ಮತ್ತೆ ಮೆಸೇಜು. ಅರ್ಧ ಪಂದ್ಯವಾದರೂ ಸಾಕಂತೆ, ಮಶೈರಿಬ್‌ನಿಂದ ಟ್ಯಾಕ್ಸಿಯಲ್ಲಿ ಹೋಗುತ್ತಾನಂತೆ. ಟ್ಯಾಕ್ಸಿ ಸ್ಟೇಡಿಯಂ ಹತ್ತಿರ ಎಲ್ಲಿ ಬಿಡುತ್ತಾರೆ, ರಸ್ತೆ ಮುಚ್ಚಿರುತ್ತದೆ ಮಾರಾಯ, ಅಲ್ಲಿಂದ ಮತ್ತೆ ನಡೆದುಕೊಂಡೇ ಹೋಗಬೇಕು.