ಅಲೆಯ ಬೆನ್ನ ಹಿಂದೆ

ಕಡಲಲ್ಲಿ ಎರಡು ದಿನ ಸತತ ಕಯಾಕಿಗೆ, ಅಂದರೆ ಒಬ್ಬರೇ ಕೂರುವ ಸಪೂರ ದೋಣಿಗೆ, ಹುಟ್ಟು ಹಾಕಿ ಭುಜ ಬಿದ್ದುಹೋಗಿತ್ತು. ಮೂರನೇ ದಿನ ಮಧ್ಯಾಹ್ನ ನಾವು ಇಳಿಯಬೇಕಿದ್ದ ದಡ ಕಂಡಿತು. ಉದ್ದನೆಯ ಮರಳು, ಒಂದು ತುದಿಗೆ ಸಮುದ್ರಕ್ಕೆ ಚಾಚಿಕೊಂಡ ಬಂಡೆಗುಡ್ಡ. ನನಗೆ ಬೇಕಾಗಿದ್ದದ್ದು ಕಾಲು ಚಾಚಲು ಜಾಗ, ಅಷ್ಟೇ.

"ಅಣ್ಣ, ಅಲೆ ಸಣ್ಣದೇ ಇದೆಯಲ್ಲ, ನೇರ ನುಗ್ಗಿಬಿಡೋಣ" ಎಂದೆ.

ನಮ್ಮ ಮೂವರಲ್ಲಿ ಅನುಭವಿ ಅವರೊಬ್ಬರೇ. "ನಿಂಗೆ ಕಾಣ್ತಿರೋದು ಅಲೆಯ ಬೆನ್ನು. ಬಾಯಿ ಆ ಕಡೆಗಿದೆ" ಎಂದರು.

ಕಡಲ ಕಡೆಯಿಂದ ನೋಡಿದರೆ ಎಂಥಾ ಅಲೆಯೂ ದುಂಡಗೆ, ಸಾಧುವಾಗಿ ಕಾಣುತ್ತದೆ. ಕಿವಿಗೊಟ್ಟಾಗಲೇ ಅದು ಬಿದ್ದು ಒಡೆಯುವ ಸದ್ದು ಕೇಳಿದ್ದು. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ದಡ ಕಡಿದಾಗಿದ್ದರೆ ಒಮ್ಮೆಲೇ ಗೋಡೆ ಕುಸಿದಂತೆ ಬೀಳುತ್ತದೆ. ಇಳಿಜಾರು ನಿಧಾನವಾಗಿದ್ದರೆ ನೊರೆ ಚೆಲ್ಲುತ್ತಾ ದೂರದಿಂದಲೇ ಬಲ ಕಳೆದುಕೊಳ್ಳುತ್ತಾ ಬರುತ್ತದೆ. ನಮ್ಮೆದುರು ಇದ್ದದ್ದು ಮೊದಲನೆಯ ಜಾತಿ. ಬಂಡೆಗುಡ್ಡದ ಮರೆಗೆ ಬಂದರೆ ಅಲೆ ಬಾಗಿ ಸುತ್ತಿಕೊಂಡು ಬರಬೇಕು, ಹಾಗಾಗಿ ಅಲ್ಲಿ ಸೌಮ್ಯ. ಆ ಕಡೆಗೇ ಹೊರಳಿದೆವು.

ಆಮೇಲೆ ಕಾಯುವುದು. ಅಲೆ ಒಡೆಯುವ ಜಾಗದಿಂದ ಆಚೆ ಕೂತು ಸುಮ್ನೆ ಎಣಿಸುವುದು. ಏಳನೇ ಅಲೆ ದೊಡ್ಡದು ಅಂತಾರಲ್ಲ, ಅದನ್ನು ನಂಬಿ ಕೂತರೆ ಕೆಟ್ಟೆವು. ದೊಡ್ಡವು ಗುಂಪಾಗಿ ಬರುವುದಂತೂ ನಿಜ, ಆದರೆ ಒಮ್ಮೆ ನಾಲ್ಕು, ಇನ್ನೊಮ್ಮೆ ಆರು. ಬೇರೆಬೇರೆ ಅಂತರದ ಅಲೆಸಾಲುಗಳು ಒಂದರ ಮೇಲೊಂದು ಕೂಡಿದಾಗ ದೊಡ್ಡವು, ಒಂದನ್ನೊಂದು ತಿಂದಾಗ ಬಿಡುವು. ಇಳಿಯಬೇಕಾದದ್ದು ಆ ಬಿಡುವಿನಲ್ಲಿ. ಇಪ್ಪತ್ತು ನಿಮಿಷ ಕೂತೆವು. ಇಡೀ ಪ್ರವಾಸದಲ್ಲಿ ಅದೇ ನನಗೆ ಕಷ್ಟವಾದ ಭಾಗ.

ಅಷ್ಟರಲ್ಲಿ ಹೆಲ್ಮೆಟ್ ಬಿಗಿದುಕೊಂಡೆವು. ಕಯಾಕಿನ ಮೇಲಿದ್ದ ಬಾಟಲಿ, ನಕ್ಷೆ ಎಲ್ಲ ಒಳಗೆ ಹೋದವು. ದೋಣಿಯೊಳಗೆ ನೀರು ಹೊಗದಂತೆ ಸೊಂಟದ ಸುತ್ತ ಮುಚ್ಚುವ ಸ್ಪ್ರೇ ಸ್ಕರ್ಟನ್ನು ಕಿತ್ತು ಹೊರಬರಲು ಎಳೆಯುವ ಪಟ್ಟಿ ಹೊರಗಿದೆಯಾ ಅಂತ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡೆ. ಅಣ್ಣ ಮೊದಲು ಹೋಗಿ ದಡ ಸೇರಿದರು. ಪ್ಯಾಡಲ್ ನೆಟ್ಟಗೆ ಎತ್ತಿದರೆ ಬಾ, ಅಡ್ಡ ಹಿಡಿದರೆ ನಿಲ್ಲು. ಒಬ್ಬರು ಇಳಿಯುವ ತನಕ ಇನ್ನೊಬ್ಬರು ಹೊರಡುವ ಹಾಗಿಲ್ಲ. ಅಲೆಯಲ್ಲಿ ಹಿಂದಿನವನ ದೋಣಿ ಮುಂದಿನವನ ಬೆನ್ನಿಗೆ ಈಟಿಯಂತೆ ಬರುತ್ತದೆ.

ಪ್ಯಾಡಲ್ ನೆಟ್ಟಗಾಯಿತು. ಗುಂಪಿನ ಕೊನೆಯ ದೊಡ್ಡ ಅಲೆ ನನ್ನ ಕೆಳಗೆ ಜಾರಿತು. ಅದರ ಬೆನ್ನ ಹಿಂದೆಯೇ ಜೋರಾಗಿ ಹುಟ್ಟು ಹಾಕಿದೆ. ಅರ್ಧ ದಾರಿಯಲ್ಲಿ ಸುಸ್ತಾಗಿ ಕೈ ನಿಧಾನವಾಯಿತು, ಅಲೆ ಮುಂದೆ ಹೋಯಿತು, ಹಿಂದಿನ ಅಲೆ ನನ್ನ ಹಿಂಬದಿಯನ್ನು ಎತ್ತಿತು. ಆಗ ಹಿಮ್ಮುಖವಾಗಿ ಹುಟ್ಟು ಹಾಕಿ ಅದನ್ನು ಮುಂದೆ ಬಿಡಬೇಕಿತ್ತು. ನಾನೋ, ಖುಷಿಯಾಗಿ ಅದರ ಮೇಲೆ ಸವಾರಿ ಹೊರಟೆ! ದೋಣಿಯ ಮೂತಿ ನೀರಿಗೆ ಚುಚ್ಚಿತು, ಐದು ಮೀಟರ್ ಉದ್ದದ ದೋಣಿ ಅಡ್ಡ ತಿರುಗಿತು.

ಮೈ ತಾನಾಗಿ ನೊರೆಯಿಂದ ದೂರ, ದಡದ ಕಡೆ ವಾಲಲು ನೋಡುತ್ತದೆ. ವಾಲಿದರೆ ಮಗುಚಿದ ಹಾಗೇ. ನೊರೆಯ ಕಡೆಗೇ ವಾಲಿ, ಪ್ಯಾಡಲನ್ನು ನೊರೆಯ ಮೇಲೆ ಊರಿದೆ. ಮೊಣಕೈ ಮೈಗೆ ಅಂಟಿಸಿಯೇ ಇಟ್ಟೆ, ಕೈ ಮೇಲೆತ್ತಿದರೆ ಭುಜದ ಕೀಲು ತಪ್ಪುತ್ತದೆ. ಹಾಗೆ ಅಡ್ಡಡ್ಡವಾಗಿಯೇ ಜಾರಿಕೊಂಡು ದಡ ಮುಟ್ಟಿದೆ.

ಗೆದ್ದೆ ಅಂದುಕೊಂಡು ಸ್ಕರ್ಟ್ ಕಿತ್ತು ದಡದ ಕಡೆಗೆ ಇಳಿದೆ.

"ಆ ಕಡೆ ಬೇಡ!" ಅಣ್ಣ ಕೂಗಿದ್ದು ಕೇಳುವಷ್ಟರಲ್ಲಿ ಮುಂದಿನ ಅಲೆ ದೋಣಿಯನ್ನು ತಂದು ನನ್ನ ಮೊಣಕಾಲಿಗೆ ಹೊಡೆಯಿತು. ಲೀಟರಿಗೆ ಒಂದು ಕಿಲೋ ಅಲ್ವಾ, ಒಳಗೆ 200 ಲೀಟರ್ ನೀರು ಹೊಕ್ಕರೆ 200 ಕಿಲೋ ಕಾಲಿನ ಮೇಲೆ ಬಂದ ಹಾಗೆ. ಪುಣ್ಯಕ್ಕೆ ನನ್ನದರಲ್ಲಿ ಅಷ್ಟು ತುಂಬಿರಲಿಲ್ಲ. ದೋಣಿ ಯಾವಾಗಲೂ ನಮಗೂ ದಡಕ್ಕೂ ನಡುವೆ ಇರಬೇಕು, ನಾವು ಕಡಲ ಕಡೆ.

ಮೂರನೆಯವನು ಎರಡು ಸಲ ಹಿಂದಕ್ಕೆ ಹುಟ್ಟು ಹಾಕಿ, ಎರಡು ಅಲೆಗಳನ್ನು ಮುಂದೆ ಕಳಿಸಿ, ತಲೆಗೂದಲು ಕೂಡ ಒದ್ದೆಯಾಗದೆ ಬಂದಿಳಿದ. ಅವನ ಮುಖ ನೋಡಲಾಗಲಿಲ್ಲ.

ರಾತ್ರಿ ಟೆಂಟಿನೊಳಗೆ ಮೊಣಕಾಲು ಊದಿಕೊಂಡಿತ್ತು, ನಿದ್ದೆ ಬರಲಿಲ್ಲ. ಹೊರಗಿನ ಸದ್ದು ಕೇಳುತ್ತಾ ಎಣಿಸುತ್ತಿದ್ದೆ. ಐದು ದೊಡ್ಡವು. ಆಮೇಲೆ ಬಿಡುವು.

"ಈಗ ಹೋಗಬಹುದಿತ್ತು" ಎಂದೆ.

"ಮಲಗೋ ಮಾರಾಯ" ಎಂದರು ಅಣ್ಣ.